ಬರೆಯ ಮೇಲೊಂದು ಮನೆ, ಬರೆಯ ಕೆಳಗೊಂದು ಮನೆ

ಆಟಿ ತಿಂಗಳ ಮಳೆ. ಮೂರು ದಿನದಿಂದ ಹನಿ ಕಡಿದಿರಲಿಲ್ಲ. ರಾತ್ರಿ ಏಳರ ಹೊತ್ತಿಗೆ ಕೆಳಗಿನ ಮನೆಯ ಅಕ್ಕ ಕೊಡೆ ಹಿಡಿದುಕೊಂಡು ಮೆಟ್ಟಿಲು ಹತ್ತಿ ನಮ್ಮ ಜಗಲಿಗೆ ಬಂದರು. ಸೆರಗು ಅರ್ಧ ನೆನೆದಿತ್ತು.

"ಮಾಷ್ಟ್ರೇ, ನಿಮ್ಮ ಗೋಡೆಯ ಪೈಪುಗಳಲ್ಲಿ ನೀರು ಬರುವುದು ನಿಂತಿದೆ. ನಿನ್ನೆಯವರೆಗೆ ಬರ್ತಾ ಇತ್ತು."

"ನಿಂತರೆ ಒಳ್ಳೆಯದೇ ಆಯ್ತಲ್ಲ ಅಕ್ಕ, ನಿಮ್ಮ ಅಂಗಳ ಒದ್ದೆಯಾಗುವುದು ತಪ್ಪಿತು" ಎಂದರು ಅಪ್ಪ.

"ಮಳೆ ನಿಂತಿಲ್ಲವಲ್ಲ ಮಾಷ್ಟ್ರೇ. ನೀರು ಮತ್ತೆ ಎಲ್ಲಿಗೆ ಹೋಗ್ತಾ ಉಂಟು?"

ಅಪ್ಪ ಮಾತಾಡಲಿಲ್ಲ. ಟಾರ್ಚು ತೆಗೆದುಕೊಂಡು ಎದ್ದರು. ನಾನೂ ಹಿಂದೆ ಹೋದೆ. ಅಕ್ಕನ ಅಂಗಳದಲ್ಲಿ ನಿಂತು ನಮ್ಮ ಗೋಡೆಯ ಮೇಲೆ ಬೆಳಕು ಹಾಯಿಸಿದಾಗ, ಇಷ್ಟು ವರ್ಷ ಮೇಲಿನಿಂದ ಮಾತ್ರ ನೋಡಿದ್ದ ಗೋಡೆಯ ಇನ್ನೊಂದು ಮುಖ ಕಂಡಿತು. ನಡುವಿನಲ್ಲಿ ಅದು ಹೊಟ್ಟೆ ಬಿಟ್ಟಿತ್ತು. ಕೆಂಪುಕಲ್ಲಿನ ನಾಲ್ಕನೆಯ ಮತ್ತು ಐದನೆಯ ಸಾಲಿನ ಮಧ್ಯೆ, ಬೆಂಕಿಕಡ್ಡಿ ತೂರಿಸಬಹುದಾದಷ್ಟು ಅಗಲದ ಬಿರುಕು ಉದ್ದಕ್ಕೂ ಹರಿದಿತ್ತು. ಒಂಬತ್ತು ಪೈಪುಗಳಲ್ಲಿ ಒಂದರಲ್ಲೂ ನೀರಿರಲಿಲ್ಲ. ಗೋಡೆಯಿಂದ ಅಕ್ಕನ ಅಡುಗೆಮನೆಗೆ ಎಂಟು ಅಡಿ ಇರಬಹುದು. ಆ ರಾತ್ರಿ ಅವರ ಮನೆಯವರೆಲ್ಲ ನಮ್ಮ ಚಾವಡಿಯಲ್ಲಿ ಮಲಗಿದರು. ನಮಗೆ ಯಾರಿಗೂ ನಿದ್ದೆ ಬರಲಿಲ್ಲ.

ಪುತ್ತೂರಿನ ಹೊರಗೆ ಗುಡ್ಡೆಯೊಂದನ್ನು ತುಂಡು ತುಂಡಾಗಿ ಮಾರಿದ ಜಾಗದಲ್ಲಿ ನಮ್ಮದು ಹತ್ತು ಸೆಂಟ್ಸ್. ಅಪ್ಪ ನಿವೃತ್ತಿಯ ಹಣದಲ್ಲಿ ಮನೆ ಕಟ್ಟಿಸುವಾಗ ಗಡಿಯ ಮೇಲೆ ಒಂದು ಕಂಪೌಂಡು ಎಬ್ಬಿಸಿದರು. ಒಂಬತ್ತಿಂಚು ದಪ್ಪದ ಕೆಂಪುಕಲ್ಲಿನ ಸಾಲು, ಅದಕ್ಕೆ ತಕ್ಕ ತೆಳ್ಳಗಿನ ಪಂಚಾಂಗ, ಅಂದರೆ ಅಡಿಪಾಯ. ದನ ಬಾರದಿರಲಿ, ಗಡಿ ತಿಳಿಯಲಿ ಎಂದು ಕಟ್ಟುವ ಗೋಡೆ ಅದು. ಆಮೇಲೆ, ಅಂಗಳ ಇಳಿಜಾರಾಗಿದೆ, ಹೇಗೂ ಗೋಡೆ ಇದೆಯಲ್ಲ ಎಂದು ಗೋಡೆಯ ಹಿಂದೆ ನಾಲ್ಕು ಲೋಡು, ಆಮೇಲೆ ಇನ್ನಾರು ಲೋಡು ಮಣ್ಣು ಬಿತ್ತು. ಅಂಗಳ ಮಟ್ಟವಾಯಿತು, ತುಳಸಿಕಟ್ಟೆ ಬಂತು, ಕಾರು ನಿಲ್ಲಿಸಲು ಜಾಗವಾಯಿತು. ಕಂಪೌಂಡು ಯಾರ ಅಪ್ಪಣೆಯನ್ನೂ ಕೇಳದೆ ತಡೆಗೋಡೆಯಾಗಿ ಹೋಯಿತು. ಕರಾವಳಿಯಲ್ಲಿ, ಮಲೆನಾಡಿನಲ್ಲಿ, ಕೊಡಗಿನಲ್ಲಿ ಕುಸಿಯುವ ಮನೆಯಂಗಳದ ಗೋಡೆಗಳಲ್ಲಿ ಬಹಳಷ್ಟರ ಕತೆ ಇದೇ. ಗಡಿ ತೋರಿಸಲು ಹುಟ್ಟಿದ ಗೋಡೆಯ ಬೆನ್ನಿಗೆ ಗುಡ್ಡೆಯ ಭಾರ ಹೊರಿಸುತ್ತೇವೆ.

ಎರಡೂ ಗೋಡೆ ನೋಡುವುದಕ್ಕೆ ಒಂದೇ ಥರ ಇರುತ್ತವೆ. ಮಾಡುವ ಕೆಲಸ ಮಾತ್ರ ಬೇರೆ. ಕಂಪೌಂಡು ತನ್ನ ಭಾರವನ್ನು ಮಾತ್ರ ನೆಟ್ಟಗೆ ಕೆಳಗೆ ಇಳಿಸುತ್ತದೆ. ತಡೆಗೋಡೆಯನ್ನು ಹಗಲೂ ರಾತ್ರಿ ಅಡ್ಡಕ್ಕೆ ತಳ್ಳುವವರಿದ್ದಾರೆ. ಎಷ್ಟು ತಳ್ಳುತ್ತಾರೆ ಎಂಬುದನ್ನು ಲೆಕ್ಕ ಹಾಕಿ ತೋರಿಸಿದವರಲ್ಲಿ ಮೊದಲ ಹೆಸರು ಫ್ರಾನ್ಸಿನ ಸೇನಾ ಎಂಜಿನಿಯರ್ ಕೂಲಂಬ್ ಅವರದು. ವಿದ್ಯುತ್ತಿನ ಪಾಠದಲ್ಲಿ ಬರುವ ಕೂಲಂಬರೇ ಇವರು. ಮಾರ್ಟಿನಿಕ್ ದ್ವೀಪದಲ್ಲಿ ಕೋಟೆ ಕಟ್ಟಿಸುತ್ತ ವರ್ಷಗಟ್ಟಲೆ ದುಡಿದು ಬಂದ ಮೇಲೆ, 1773ರಲ್ಲಿ, ಮಣ್ಣು ಗೋಡೆಯನ್ನು ಎಷ್ಟು ಬಲದಿಂದ ನೂಕುತ್ತದೆ ಎಂಬ ಪ್ರಬಂಧವನ್ನು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಮುಂದಿಟ್ಟರು. ಇವತ್ತಿಗೂ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಹೇಳಿಕೊಡುವುದು ಆ ಲೆಕ್ಕವನ್ನೇ.

ಹತ್ತಡಿ ಎತ್ತರಕ್ಕೆ ಒಣಮಣ್ಣು ತುಂಬಿದ್ದರೆ ಗೋಡೆಯ ಪ್ರತಿ ಮೀಟರು ಉದ್ದದ ಮೇಲೆ ಬೀಳುವ ನೂಕು ಸುಮಾರು 2.7 ಟನ್. ಅದೇ ಮಣ್ಣಿನ ಸಂದಿಗಳಲ್ಲಿ ಮೇಲಿನವರೆಗೆ ನೀರು ನಿಂತರೆ ನೂಕು ಎರಡು ಪಟ್ಟಿಗೂ ಮಿಕ್ಕಿ ಆರು ಟನ್ನಿನ ಹತ್ತಿರ ಹೋಗುತ್ತದೆ. ಎತ್ತರವನ್ನು ಇಮ್ಮಡಿ ಮಾಡಿದರೆ ನೂಕು ನಾಲ್ಕು ಪಟ್ಟಾಗುತ್ತದೆ, ಗೋಡೆಯನ್ನು ಬುಡದಿಂದ ಮಗುಚುವ ಬಲ ಎಂಟು ಪಟ್ಟಾಗುತ್ತದೆ. ಐದಡಿಯ ಗೋಡೆ ಹತ್ತು ವರ್ಷದಿಂದ ಗಟ್ಟಿಯಾಗಿ ನಿಂತಿದೆ, ಇನ್ನೈದು ಅಡಿ ಏರಿಸೋಣ ಎಂದು ಹೇಳುವವರು ಈ ಎಂಟರ ಲೆಕ್ಕ ಕೇಳಿಸಿಕೊಳ್ಳಬೇಕು.

ನಮ್ಮ ಕರಾವಳಿಯ ನೆಲದಲ್ಲಿ ಇದಕ್ಕೆ ಇನ್ನೊಂದು ಸೇರಿಕೊಂಡಿದೆ. ಮೇಲಿನ ಕೆಂಪುಕಲ್ಲಿನ ಪದರ ಗಟ್ಟಿ. ಬಿಸಿಲಿಗೆ, ಗಾಳಿಗೆ ಇನ್ನಷ್ಟು ಗಟ್ಟಿಯಾಗುತ್ತದೆ. ಅದರ ಅಡಿಯಲ್ಲಿ ಹೆಚ್ಚಿನ ಕಡೆ ಶೇಡಿ ಮಣ್ಣು. ಬಿಳಿ, ಹಳದಿ, ನಸುಗೆಂಪು ಬಣ್ಣದ, ಬೆರಳಲ್ಲಿ ತಿಕ್ಕಿದರೆ ಪೌಡರಿನ ಹಾಗೆ ಜಾರುವ ಮಣ್ಣು. ಬೇಸಿಗೆಯಲ್ಲಿ ಜೇಸಿಬಿಯ ಹಲ್ಲಿಗೆ ಹತ್ತಡಿ, ಹದಿನೈದಡಿ ನೆಟ್ಟಗೆ ಕಡಿದರೂ ಆ ಕಡಿದ ಮುಖ, ನಮ್ಮ ಮಾತಿನಲ್ಲಿ ಬರೆ, ಬೆಣ್ಣೆ ಕೊಯ್ದಂತೆ ನುಣ್ಣಗೆ ನಿಲ್ಲುತ್ತದೆ. ನೋಡಿದವರು ಇದಕ್ಕೆ ಗೋಡೆಯೇ ಬೇಡ ಅನ್ನುತ್ತಾರೆ. ಮಳೆಗಾಲದಲ್ಲಿ ನೀರು ಕುಡಿದ ಮೇಲೆ ಅದೇ ಮಣ್ಣು ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕಡಿದ ಬರೆ ಜುಲೈಯಲ್ಲಿ ಜರಿಯುವುದು ಹೀಗೆ. ಘಟ್ಟದ ಮೇಲಿನವರು ಇದನ್ನು ಧರೆ ಕುಸಿತ ಎನ್ನುತ್ತಾರೆ, ನಾವು ಬರೆ ಜರಿಯಿತು ಎನ್ನುತ್ತೇವೆ. 2018ರ ಆಗಸ್ಟಿನಲ್ಲಿ ಕೊಡಗಿನ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳೇ ಇಳಿದು ಬಂದಾಗ, ರಸ್ತೆಗೂ ಮನೆಗೂ ಎಂದು ಇಳಿಜಾರಿನ ಬುಡ ಕಡಿದದ್ದರ ಬಗ್ಗೆ ತುಂಬ ಮಾತು ಬಂತು. ಗುಡ್ಡದ ಮಟ್ಟದಲ್ಲಿ ಆದದ್ದೇ ಹತ್ತು ಸೆಂಟ್ಸಿನ ಮಟ್ಟದಲ್ಲಿಯೂ ಆಗುತ್ತದೆ. ಆಗ ಅದು ಎರಡು ಮನೆಯವರ ನಡುವಿನ ವಿಷಯವಾಗಿ ಉಳಿದುಬಿಡುತ್ತದೆ, ಸುದ್ದಿಯಾಗುವುದು ಯಾರಾದರೂ ಸತ್ತ ಮೇಲೆ.

2024ರ ಜೂನ್ 26ರ ಬೆಳಗ್ಗೆ ಉಳ್ಳಾಲದ ಹತ್ತಿರ ಕುತ್ತಾರಿನ ಮದನಿನಗರದಲ್ಲಿ ಪಕ್ಕದ ಮನೆಯ ಆವರಣ ಗೋಡೆ ಕೆಳಗಿನ ಮನೆಯ ಮೇಲೆ ಬಿತ್ತು. ಗಂಡ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು, ನಾಲ್ವರೂ ಹೋದರು. 2019ರ ಜೂನ್ 29ರ ನಡುರಾತ್ರಿ ಪುಣೆಯ ಕೊಂಢ್ವಾದಲ್ಲಿ ವಸತಿ ಸಂಕೀರ್ಣವೊಂದರ ಗೋಡೆ ಪಕ್ಕದ ಜಾಗದಲ್ಲಿದ್ದ ಕಟ್ಟಡ ಕಾರ್ಮಿಕರ ಶೆಡ್ಡುಗಳ ಮೇಲೆ ಬಿದ್ದು 15 ಜನ ಸತ್ತರು. ಅದೇ ವರ್ಷ ಡಿಸೆಂಬರ್ 2ರ ನಸುಕಿನಲ್ಲಿ ತಮಿಳುನಾಡಿನ ಮೆಟ್ಟುಪಾಳಯದ ಬಳಿಯ ನಡೂರಿನಲ್ಲಿ, ಸುಮಾರು ಇಪ್ಪತ್ತಡಿ ಎತ್ತರದ ಕಲ್ಲಿನ ಗೋಡೆಯೊಂದು ಮಳೆಗೆ ನೆನೆದು ದಲಿತರ ಮನೆಗಳ ಮೇಲೆ ಮಗುಚಿತು. 17 ಜನ ಮಲಗಿದ್ದಲ್ಲೇ ಹೋದರು. ಗೋಡೆ ಬೀಳುವುದು ಯಾವಾಗಲೂ ಕೆಳಗಿನವರ ಮೇಲೆ. ಕಟ್ಟಿದವರು ಮೇಲಿರುತ್ತಾರೆ. ಕೆಳಗಿನ ಜಾಗ ಅಗ್ಗ, ಹಾಗಾಗಿ ಅಲ್ಲಿ ಬಂದು ನೆಲೆಸುವವರು ಹೆಚ್ಚಾಗಿ ಬಡವರು. ಅವರಿಗೆ ಮೇಲಿನ ಮನೆಯ ಬಾಗಿಲು ಬಡಿದು ಕೇಳುವ ಧೈರ್ಯ ಇರುವುದಿಲ್ಲ. ನಮ್ಮ ಅಕ್ಕ ಬಂದು ಕೇಳಿದರು. ಅಪ್ಪನಲ್ಲಿ ಅವರ ಮಗ ಮೂರನೆಯ ಕ್ಲಾಸು ಓದಿದ್ದ, ಅದೊಂದು ಸಲುಗೆ ಇತ್ತು. ಆ ಸಲುಗೆ ಇಲ್ಲದೇ ಹೋಗಿದ್ದರೆ ಏನಾಗುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಹಾಗಾದರೆ ಗೋಡೆ ಯಾರ ಜವಾಬ್ದಾರಿ? ಊರಿನಲ್ಲಿ ಕೇಳಿದರೆ ಮೊದಲು ಬರುವ ಉತ್ತರ, "ಗೋಡೆ ಯಾರ ಜಾಗದಲ್ಲಿ ಉಂಟು ನೋಡಿ, ಸರ್ವೆ ಮಾಡಿಸಿ" ಎಂದು. ಸರ್ವೆ ಬೇಕು, ನಿಜ. ನಾಡಕಚೇರಿಯಲ್ಲಿ ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಭೂಮಾಪಕರು ಬಂದು ದಾಖಲೆ ನೋಡಿ ಅಳೆದು ಗಡಿಕಲ್ಲಿನ ಜಾಗ ತೋರಿಸುತ್ತಾರೆ. ಆ ಕಲ್ಲುಗಳನ್ನು ಸುಸ್ಥಿತಿಯಲ್ಲಿ ಕಾಯ್ದುಕೊಳ್ಳುವ ಹೊಣೆ ಜಾಗದವರದೇ ಎಂದು ಕರ್ನಾಟಕದ 1964ರ ಭೂಕಂದಾಯ ಕಾಯ್ದೆ ಹೇಳುತ್ತದೆ. ಆದರೆ ಸರ್ವೆ ನಕ್ಷೆಯಲ್ಲಿ ಉದ್ದ ಇದೆ, ಅಗಲ ಇದೆ, ಎತ್ತರ ಇಲ್ಲ. ಗೆರೆಯ ಆಚೆ ಹತ್ತಡಿ ತಗ್ಗು, ಈಚೆ ಹತ್ತಡಿ ದಿಬ್ಬ ಇದ್ದರೂ ಕಾಗದದಲ್ಲಿ ಅದು ಒಂದೇ ಗೆರೆ. ತಡೆಗೋಡೆಯ ತಕರಾರು ಹುಟ್ಟುವುದು ನಕ್ಷೆಯಲ್ಲಿ ಇಲ್ಲದ ಆ ಎತ್ತರದಿಂದಲೇ.

ಕಾನೂನು ಕೇಳುವ ಪ್ರಶ್ನೆಯೂ ಬೇರೆ. ನೆಲ ಮೊದಲು ಹೇಗಿತ್ತು, ಅದನ್ನು ಬದಲಿಸಿದವರು ಯಾರು ಎಂದು ಅದು ಕೇಳುತ್ತದೆ. 1882ರ ಈಸ್‌ಮೆಂಟ್ ಕಾಯ್ದೆ, ಅಂದರೆ ಪಕ್ಕದ ಜಾಗದ ಮೇಲೆ ನಮಗಿರುವ ಅನುಭೋಗದ ಹಕ್ಕುಗಳ ಕಾಯ್ದೆ, ಮೊದಲು ಜಾರಿಯಾದ ಕೆಲವೇ ಪ್ರದೇಶಗಳಲ್ಲಿ ನಮ್ಮದೂ ಸೇರಿತ್ತು. ಆ ವರ್ಷ ಅದು ಅನ್ವಯವಾದದ್ದು ಮದ್ರಾಸ್ ಪ್ರಾಂತಕ್ಕೆ, ಮಧ್ಯ ಪ್ರಾಂತಕ್ಕೆ ಮತ್ತು ಕೊಡಗಿಗೆ. ದಕ್ಷಿಣ ಕನ್ನಡ ಆಗ ಮದ್ರಾಸಿನೊಳಗಿತ್ತು. ಬರೆ ಜರಿಯುವ ಎರಡು ಜಿಲ್ಲೆಗಳಿಗೂ ಆ ಕಾನೂನು ಮೊದಲ ದಿನದಿಂದಲೇ ಇದೆ. ಅದರ 7ನೇ ಕಲಮು ಹೇಳುವುದರ ಸಾರ ಇಷ್ಟು: ಪ್ರತಿಯೊಬ್ಬರ ನೆಲಕ್ಕೂ, ಅದು ಸಹಜ ಸ್ಥಿತಿಯಲ್ಲಿರುವಾಗ, ಅಕ್ಕಪಕ್ಕದ ಮಣ್ಣಿನ ಸಹಜ ಆಸರೆ ಸಿಗಬೇಕು. ಅಗೆಯದ, ಮೇಲೆ ಕೃತಕ ಭಾರ ಹೇರದ ನೆಲಕ್ಕೆ ಸಹಜ ಸ್ಥಿತಿಯ ನೆಲ ಎಂದು ಹೆಸರು.

ಇದನ್ನು ಬರೆಯ ಪಕ್ಕ ನಿಂತು ಓದಿಕೊಂಡರೆ ನೇರವಾಗಿ ತಿಳಿಯುತ್ತದೆ. ಕೆಳಗಿನವರು ಮನೆ ಕಟ್ಟಲು ಮಟ್ಟ ಮಾಡುವಾಗ ಗಡಿಯ ಗೆರೆಗೆ ತಾಗುವವರೆಗೂ ಕಡಿದರು ಎನ್ನಿ. ಕಡಿದದ್ದು ಅವರ ಜಾಗದಲ್ಲೇ, ಒಂದಿಂಚೂ ಮೀರಿಲ್ಲ. ಆದರೂ ಮೇಲಿನವರ ನೆಲಕ್ಕಿದ್ದ ಆಸರೆ ಹೋಯಿತು. ತಡೆಗೋಡೆ ಕಟ್ಟಿ ಆ ಆಸರೆ ತಿರುಗಿ ಕೊಡುವ ಹೊಣೆ ಕೆಳಗಿನವರದು. "ನನ್ನ ಜಾಗದಲ್ಲಿ ನಾನು ಏನು ಬೇಕಾದರೂ ಮಾಡುತ್ತೇನೆ" ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಇನ್ನು ನಮ್ಮ ಹಾಗೆ ಮೇಲಿನವರು ಮಣ್ಣು ತುಂಬಿಸಿ ನೆಲ ಏರಿಸಿದ್ದರೆ ಗೋಡೆ ಮೇಲಿನವರ ಹೊಣೆ. ಕೆಳಗಿನವರು ಅದಕ್ಕೆ ಒಂದು ಪೈಸೆ ಕೊಡಬೇಕಾಗಿಲ್ಲ, ತಮ್ಮ ಜಾಗದಲ್ಲಿ ಅದರ ಪಂಚಾಂಗಕ್ಕೆ ಒಂದಡಿ ಬಿಡಬೇಕಾಗಿಯೂ ಇಲ್ಲ. ಕಡಿದವರು ಕಟ್ಟಬೇಕು, ತುಂಬಿಸಿದವರೂ ಕಟ್ಟಬೇಕು. ಗುಡ್ಡೆಯ ಜಾಗ ಮಾರುವ ದಲ್ಲಾಳಿಗಳು ಕರಾರಿನ ದಿನ ಇದೊಂದು ಮಾತು ಹೇಳಿದ್ದರೆ ಎಷ್ಟೋ ವ್ಯಾಜ್ಯ ಹುಟ್ಟುತ್ತಲೇ ಇರಲಿಲ್ಲ.

ಮೇಲಿನವರು ಅಂಚಿನಲ್ಲೇ ಎರಡಂತಸ್ತಿನ ಮನೆ ಕಟ್ಟಿದ್ದರೆ? ಆ ಭಾರ ನೆಲದ ಸಹಜ ಸ್ಥಿತಿಯಲ್ಲ, ಹಾಗಾಗಿ ಅದಕ್ಕೆ ಹುಟ್ಟಿನಿಂದ ಬಂದ ಆಸರೆಯ ಹಕ್ಕು ಇಲ್ಲ. ಆದರೆ ಕಾಯ್ದೆಯ 15ನೇ ಕಲಮಿನ ಪ್ರಕಾರ ಇಪ್ಪತ್ತು ವರ್ಷ ಯಾರ ತಡೆಯೂ ಇಲ್ಲದೆ, ಶಾಂತಿಯಿಂದ, ಹಕ್ಕಿನಂತೆ ಆ ಆಸರೆ ಪಡೆದುಕೊಂಡು ಬಂದಿದ್ದರೆ ಅದು ಹಕ್ಕೇ ಆಗುತ್ತದೆ. ಕಾಯ್ದೆ ಬಂದಾಗ ಈ ಪ್ರಶ್ನೆ ಇಂಗ್ಲೆಂಡಿನಲ್ಲಿ ಇತ್ಯರ್ಥವಾಗಿ ವರ್ಷವಷ್ಟೇ ಕಳೆದಿತ್ತು. ನ್ಯೂಕ್ಯಾಸಲ್ ಊರಲ್ಲಿ ಮನೆಯೊಂದನ್ನು ಕುದುರೆಗಾಡಿಯ ಕಾರ್ಖಾನೆಯಾಗಿ ಮಾರ್ಪಡಿಸಿದ್ದರು; ಇಪ್ಪತ್ತಕ್ಕೂ ಹೆಚ್ಚು ವರ್ಷದ ಮೇಲೆ ಪಕ್ಕದ ಜಾಗದವರು ನೆಲ ಅಗೆದಾಗ ಅದು ಕುಸಿದುಬಿತ್ತು. 1881ರಲ್ಲಿ ಹೌಸ್ ಆಫ್ ಲಾರ್ಡ್ಸ್ ಕಾರ್ಖಾನೆಯವರ ಕಡೆಗೆ ತೀರ್ಪು ಕೊಟ್ಟಿತು. ಹಳೆಯ ಮನೆಯ ಪಕ್ಕ ನೆಲಮಾಳಿಗೆಗೆಂದು ಅಗೆಯುವ ಬೆಂಗಳೂರಿನ ಬಿಲ್ಡರುಗಳ ಎದುರಿಗೆ ಬರೆ, ಗುಡ್ಡೆ ಯಾವುದೂ ಇಲ್ಲದಿದ್ದರೂ ಈ ಇಪ್ಪತ್ತು ವರ್ಷದ ಮಾತು ಅವರಿಗೂ ಸೇರಿದ್ದು.

ಕಡಿದವರು ಯಾರೋ, ತುಂಬಿಸಿದವರು ಯಾರೋ, ಈಗಿರುವವರು ಕೊಂಡವರು ಮಾತ್ರ ಆಗಿದ್ದರೆ ವಿಷಯ ಜಟಿಲವಾಗುತ್ತದೆ. ಇಲ್ಲಿ ನನಗೆ ತುಂಬ ಹಿಡಿಸಿದ್ದು ಇಂಗ್ಲೆಂಡಿನದೇ ಇನ್ನೊಂದು ತೀರ್ಪು. ನಮ್ಮ ಕೋರ್ಟುಗಳನ್ನು ಅದು ಕಟ್ಟಿಹಾಕುವುದಿಲ್ಲ, ದಾರಿ ಮಾತ್ರ ತೋರಿಸುತ್ತದೆ. ಸಾಮರ್‌ಸೆಟ್ಟಿನ ಬರೋ ಮಂಪ್ ಎಂಬ ದಿಬ್ಬದ ಬುಡದಲ್ಲಿ ಕೆಲವು ಮನೆಗಳಿದ್ದವು. ದಿಬ್ಬದ ಒಡೆತನ ನ್ಯಾಷನಲ್ ಟ್ರಸ್ಟಿನದು. 1976ರ ಬರಗಾಲದ ಬೇಸಿಗೆಯಲ್ಲಿ ದಿಬ್ಬದ ಮೇಲೆ ದೊಡ್ಡ ಬಿರುಕು ಕಾಣಿಸಿತು. ಕೆಳಗಿನವರು ಹೇಳಿದರು, ಟ್ರಸ್ಟಿನವರು ಅದು ನಿಸರ್ಗದ ಕೆಲಸ, ನಮ್ಮದಲ್ಲ ಎಂದರು. ಆಮೇಲೆ ಮಣ್ಣು ಜರಿದು ಮನೆಗೆ ತಾಗಿತು. 1979ರಲ್ಲಿ ಮೇಲ್ಮನವಿ ಕೋರ್ಟು ಹೇಳಿದ್ದು, ಅಪಾಯವನ್ನು ನೀವು ತಂದಿಲ್ಲದಿರಬಹುದು, ಆದರೆ ಅದು ನಿಮ್ಮ ನೆಲದಲ್ಲಿದೆ, ನಿಮಗೆ ತಿಳಿದಿದೆ, ಹಾಗಾದ ಮೇಲೆ ನಿಮ್ಮ ಕೈಲಾಗುವಷ್ಟು ಮಾಡಲೇಬೇಕು ಎಂದು. ಎಷ್ಟು ಎಂಬುದನ್ನು ಅವರವರ ಶಕ್ತಿ ನೋಡಿ ನಿರ್ಧರಿಸಬೇಕು. ಹಣವಿಲ್ಲದವರಾದರೆ, ಕೆಳಗಿನವರು ತಾವೇ ಬಂದು ಕೆಲಸ ಮಾಡಿಕೊಳ್ಳಲು ತಮ್ಮ ಜಾಗಕ್ಕೆ ಬಿಟ್ಟುಕೊಟ್ಟರೂ ಸಾಕಾಗಬಹುದು. ತಿಳಿದ ಮೇಲೆ ಸುಮ್ಮನಿರುವಂತಿಲ್ಲ ಎಂಬುದು ಅದರ ತಿರುಳು. ಆ ರಾತ್ರಿ ಅಕ್ಕ ಬಂದು ಹೇಳಿದ ಮೇಲೆ ನಮಗೆ ತಿಳಿದಿತ್ತು.

ನೆಲ ಮೊದಲು ಹೇಗಿತ್ತು ಎಂದು ಇಪ್ಪತ್ತು ವರ್ಷದ ಮೇಲೆ ಯಾರು ಹೇಳಬೇಕು? ಸಾಕ್ಷಿಗಳು ಸ್ಥಳದಲ್ಲೇ ನಿಂತಿರುತ್ತವೆ. ಹಳೆಯ ತೆಂಗಿನ ಮರ ನೋಡಿ. ಅದರ ಬುಡ ದಪ್ಪವಾಗಿ ಅಗಲಿಕೊಂಡು ಬೇರುಗಳೊಂದಿಗೆ ನೆಲಕ್ಕೆ ಕೂಡಿಕೊಂಡಿರಬೇಕು. ಕಂಬ ನೆಟ್ಟ ಹಾಗೆ ಕಾಂಡ ನೇರ ಮಣ್ಣಿನಿಂದ ಎದ್ದಿದ್ದರೆ ಬುಡ ಹೂತುಹೋಗಿದೆ, ಅಲ್ಲಿ ತುಂಬಿಸಿದ್ದಾರೆ ಎಂದರ್ಥ. ಬೇರಿನ ಗುಂಪು ಗಾಳಿಯಲ್ಲಿ ಜೋತಾಡುತ್ತಿದ್ದರೆ ಅಲ್ಲಿ ಕಡಿದಿದ್ದಾರೆ. ಬರೆಯ ಮಣ್ಣು ನೋಡಿ. ಮೂಲದ ನೆಲದಲ್ಲಿ ಕೆಂಪುಕಲ್ಲು, ಜೇಡಿ, ಶೇಡಿ ಪದರ ಪದರವಾಗಿ ಕಾಣುತ್ತವೆ. ತುಂಬಿಸಿದ ಮಣ್ಣಿನಲ್ಲಿ ಎಲ್ಲ ಬಣ್ಣ ಕಲಸಿಹೋಗಿ ನಡುನಡುವೆ ಹಂಚಿನ ಚೂರು, ಸಿಮೆಂಟಿನ ಗೋಣಿಯ ತುಂಡು ಸಿಗುತ್ತವೆ. ನಮ್ಮ ಅಂಗಳ ಅಗೆದಾಗ ಎರಡೂ ಸಿಕ್ಕವು. ಮನೆಯ ಒಕ್ಕಲಿನ ದಿನದ ಫೋಟೋ, ನೆಲ ಅಗೆಯುವ ಮೊದಲು ಮೊಬೈಲಿನಲ್ಲಿ ತೆಗೆದ ಹತ್ತು ಚಿತ್ರ, ಇವು ಮುಂದೆ ಸಾವಿರಾರು ರೂಪಾಯಿಯ ಕೋರ್ಟ್ ಕಮಿಷನರ್ ವರದಿಯಷ್ಟು ಬೆಲೆ ಬಾಳುತ್ತವೆ. ಪಕ್ಕದವರ ಜಾಗಕ್ಕೆ ಹಿಟಾಚಿ ಬಂತು ಎಂದಾದರೆ ಮೊದಲು ಫೋಟೋ ತೆಗೆದಿಡಿ, ಆಮೇಲೆ ಹೋಗಿ ಮಾತಾಡಿ.

ನೀರಿನ ವಿಷಯಕ್ಕೂ ಇದೇ ತತ್ವ. ಮೇಲಿನ ಜಾಗಕ್ಕೆ ಬಿದ್ದ ಮಳೆ, ಗೊತ್ತಾದ ತೋಡು ಹಿಡಿಯದೆ ತನ್ನಷ್ಟಕ್ಕೆ ಹರಡಿ ಇಳಿಯುವುದನ್ನು ಕೆಳಗಿನವರು ತಡೆಯುವಂತಿಲ್ಲ. ಅದನ್ನೂ 7ನೇ ಕಲಮೇ ಹೇಳುತ್ತದೆ. ಆದರೆ ತಾರಸಿಯ ನೀರು, ಇಂಟರ್‌ಲಾಕ್ ಹಾಕಿದ ಅಂಗಳದ ನೀರು, ಬಚ್ಚಲಿನ ನೀರು ಎಲ್ಲವನ್ನೂ ಒಂದು ಪೈಪಿಗೆ ಸೇರಿಸಿ ಕೆಳಗಿನವರ ಗೋಡೆಯ ಬುಡಕ್ಕೆ ಬಿಡುವುದು ಸಹಜ ಹರಿವಲ್ಲ. ಅಂಗಳಕ್ಕೆ ಇಂಟರ್‌ಲಾಕ್ ಬಂದ ಮೇಲೆ ನಮ್ಮೂರಿನ ಬರೆಗಳಿಗೆ ಕೆಟ್ಟ ಕಾಲ ಬಂದಿದೆ ಎಂದೇ ನನ್ನ ಅನಿಸಿಕೆ. ಇಡೀ ಅಂಗಳದ ನೀರು ಒಂದು ಮೂಲೆಗೆ ಓಡಿ, ಗೋಡೆ ಮತ್ತು ನೆಲ ಕೂಡುವ ಸಂದಿಯಲ್ಲಿ ಇಳಿಯುತ್ತದೆ. ಹಿಂದೆ ಗುಡ್ಡೆಯ ಮನೆಗಳವರು ಬರೆಯ ನೆತ್ತಿಯಲ್ಲಿ ಉದ್ದಕ್ಕೆ ಒಂದು ಅಗಳು ತೋಡಿ ನೀರನ್ನು ಪಕ್ಕದ ತೋಡಿಗೆ ತಿರುಗಿಸುತ್ತಿದ್ದರು. ಮಳೆಗಾಲಕ್ಕೆ ಮೊದಲು ಅದರ ಸೊಪ್ಪುಸದೆ ತೆಗೆಯುವುದು ಒಂದು ದಿನದ ಕೆಲಸ. ಬರೆಯ ಮೈಗೆ ಮುಳಿಹುಲ್ಲು ಬೆಳೆಯಲು ಬಿಡುತ್ತಿದ್ದರು. ಅಡಿಕೆ ತೋಟದ ಮೆಟ್ಟಿಲುಗಳಿಗೆ ಗಾರೆಯಿಲ್ಲದೆ ಕಾಡುಕಲ್ಲು ಜೋಡಿಸಿ ಕಟ್ಟಿದ ಗೋಡೆಗಳು ಅಜ್ಜಂದಿರ ಕಾಲದಿಂದ ನಿಂತಿವೆ. ಅವುಗಳ ಮೈಯೆಲ್ಲ ಸಂದಿ, ನೀರು ಎಲ್ಲಿ ಬೇಕಾದರೂ ಹೊರಗೆ ಬರುತ್ತದೆ. ಸ್ವಲ್ಪ ಹಿಂದಕ್ಕೆ ಒರಗಿಯೂ ಇರುತ್ತವೆ. ನಾವು ಸಿಮೆಂಟು ಮೆತ್ತಿ ಚಂದ ಮಾಡಿ ನೀರಿನ ದಾರಿ ಮುಚ್ಚಿದೆವು.

ಬೆಳಕು ಹರಿದ ಮೇಲೆ ಮೇಸ್ತ್ರಿ ಬಂದರು. ಗೋಡೆಯನ್ನು ನೋಡುವ ಮೊದಲು ಅಂಗಳದ ಅಂಚಿನಲ್ಲಿ ಕಾಲಿನಿಂದ ತುಳಿದು ನೋಡಿದರು. ನೆಲ ಹಿಟ್ಟಿನ ಹಾಗೆ ಅದುರಿತು. ಟಾರ್ಪಾಲು ಹೊದಿಸಿ, ಕಾರನ್ನು ರಸ್ತೆಗೆ ತೆಗೆಸಿ, ಗೋಡೆಯಿಂದ ಹಿಂದೆ ಕೈಯಲ್ಲೇ ಮಣ್ಣು ತೆಗೆಸಲು ಶುರು ಮಾಡಿದರು. ಮೇಲಿನ ಭಾರ ಮೊದಲು ಇಳಿಯಬೇಕು, ಜೇಸಿಬಿಯ ಅದುರು ಬೇಡ ಎಂದರು. ಮೂರಡಿ ಇಳಿಯುವಾಗ ಪೈಪಿನ ಒಳಬಾಯಿ ಸಿಕ್ಕಿತು. ಬೆರಳು ಹಾಕಿ ತೋರಿಸಿದರು. ಶೇಡಿ ಮಣ್ಣು ಗಂಧದ ಹಾಗೆ ಮೆತ್ತಗಾಗಿ ಒಳಗೆ ತುಂಬಿ ಗಟ್ಟಿಯಾಗಿತ್ತು. "ಪೈಪು ಇಟ್ಟಿದ್ದೀರಿ, ಹಿಂದೆ ಜಲ್ಲಿ ಹಾಕಲಿಲ್ಲ" ಎಂದರು. ಗೋಡೆಯ ಬೆನ್ನಿಗೆ ಒಂದಡಿ ದಪ್ಪಕ್ಕೆ ಜಲ್ಲಿಯ ಸಾಲು, ಜಲ್ಲಿಗೂ ಮಣ್ಣಿಗೂ ನಡುವೆ ಸೋಸುವ ಬಟ್ಟೆ, ಆಗ ಮಾತ್ರ ನೀರು ಬಂದು ಪೈಪು ಸೇರುತ್ತದೆ, ಮಣ್ಣು ಅಲ್ಲೇ ನಿಲ್ಲುತ್ತದೆ. ಅದಿಲ್ಲದ ಪೈಪು ಒಂದೆರಡು ಮಳೆಗಾಲದ ಮಾತು. ಜೋರು ಮಳೆಯಲ್ಲಿ ಒಣಗಿರುವ ಪೈಪು, ಸೋರುವ ಪೈಪಿಗಿಂತ ಕೆಟ್ಟದ್ದು ಎಂದು ನಾನು ಕಲಿತದ್ದು ಆ ಬೆಳಗ್ಗೆ.

ಹೊಸ ಗೋಡೆಗೆ ಎಂಜಿನಿಯರರ ಲೆಕ್ಕ ಬೇಕು ಎಂದು ನಾನು ಹಟ ಹಿಡಿದೆ. ಗುಡ್ಡಗಾಡಿನ ತಡೆಗೋಡೆಗೆಂದೇ ಭಾರತೀಯ ಮಾನಕ ಬ್ಯೂರೋದ ಐಎಸ್ 14458 ಎಂಬ ಮಾರ್ಗಸೂಚಿ ಇದೆ. ಸಾಮಾನ್ಯವಾಗಿ ತಡೆಗೋಡೆಯ ಬುಡ ಅದರ ಎತ್ತರದ ಅರ್ಧದಿಂದ ಮುಕ್ಕಾಲು ಪಾಲಿನ ನಡುವೆ ಅಗಲ ಇರಬೇಕಾಗುತ್ತದೆ. ಹತ್ತಡಿಯ ಗೋಡೆಗೆ ಐದರಿಂದ ಏಳೂವರೆ ಅಡಿ. ಇದನ್ನು ಕೇಳಿ ಅಪ್ಪನಿಗೆ ಗಾಬರಿಯಾಯಿತು. ಐವತ್ತಡಿ ಉದ್ದಕ್ಕೆ ಆರಡಿ ಎಂದರೆ ಮುನ್ನೂರು ಚದರಡಿ, ಸೆಂಟ್ಸಿನ ಲೆಕ್ಕದಲ್ಲಿ ಮುಕ್ಕಾಲು ಸೆಂಟ್ಸಿನ ಹತ್ತಿರ. ಆ ಬುಡವೆಲ್ಲ ನಮ್ಮ ಜಾಗದ ಅಡಿಗೇ ಬರಬೇಕು, ಒಂದಿಂಚೂ ಅಕ್ಕನ ಕಡೆಗೆ ಚಾಚುವಂತಿಲ್ಲ. ಆದರೆ ಬುಡ ಮಣ್ಣಿನಡಿಗೆ ಹೋಗುವುದರಿಂದ ಮೇಲಿನ ಅಂಗಳ ಅಂಗಳವಾಗಿಯೇ ಉಳಿಯುತ್ತದೆ. ಕೊನೆಗೆ ನಾವು ಎತ್ತರವನ್ನೇ ಒಡೆದೆವು. ಗಡಿಯ ಬಳಿ ಐದಡಿಯ ಒಂದು ಗೋಡೆ, ಎಂಟಡಿ ಹಿಂದಕ್ಕೆ ಸರಿದು ಇನ್ನೊಂದು ನಾಲ್ಕಡಿ. ನಡುವಿನ ಮೆಟ್ಟಿಲಲ್ಲಿ ಲಾವಂಚ ನೆಟ್ಟಿದ್ದೇವೆ. ಅಂಗಳದ ಒಂದು ಪಾಲು ಹೋಯಿತು. ಹೋಗಬೇಕಾದದ್ದೇ, ಅದು ಗುಡ್ಡೆಯಿಂದ ನಾವು ಸುಮ್ಮನೆ ತೆಗೆದುಕೊಂಡಿದ್ದ ಪಾಲು.

ಕೆಲಸಕ್ಕೆ ಅಕ್ಕನ ಅಂಗಳದಿಂದಲೇ ಇಳಿಯಬೇಕಾಗಿತ್ತು. ಅವರು ಬಿಟ್ಟರು, ಮಲ್ಲಿಗೆ ಬಳ್ಳಿಯ ಚಪ್ಪರವನ್ನೂ ಬಿಚ್ಚಿಕೊಟ್ಟರು. ಎಲ್ಲ ಕಡೆ ಹೀಗೆ ಆಗುವುದಿಲ್ಲ ಎಂದು ಗೊತ್ತು. ಮಾತು ಕೇಳದ ಮೇಲಿನವರಿದ್ದರೆ ಕೆಳಗಿನವರಿಗೆ ದಾರಿಗಳಿವೆ. ಬೀಳುವ ಹಂತದಲ್ಲಿರುವ ಕಟ್ಟಡ ಅಥವಾ ಗೋಡೆಯಿಂದ ನೆರೆಯವರ ಜೀವಕ್ಕೆ ಅಪಾಯವಿದ್ದರೆ, ಅದನ್ನು ತೆಗೆಸಲು, ರಿಪೇರಿ ಮಾಡಿಸಲು, ಆಸರೆ ಕೊಡಿಸಲು ಆದೇಶ ಮಾಡುವ ಅಧಿಕಾರ ಉಪವಿಭಾಗಾಧಿಕಾರಿಗಳಿಗೆ (ಎಸಿ) ಇದೆ. ಮೊದಲು ಸಿಆರ್‌ಪಿಸಿಯ 133ನೇ ಕಲಮು ಎನ್ನುತ್ತಿದ್ದುದು 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಾಗಿದೆ. ಪಂಚಾಯತಿಗೆ ಒಂದು, ಎಸಿ ಕಚೇರಿಗೆ ಒಂದು ಅರ್ಜಿಯನ್ನು ಫೋಟೋ ಸಮೇತ ಕೊಟ್ಟು ಸ್ವೀಕೃತಿ ತೆಗೆದಿಟ್ಟುಕೊಳ್ಳಿ. ಕೆಳಗಿನವರು ಅಗೆಯಲು ಹೊರಟಿದ್ದರೆ ಮೇಲಿನವರು ಸಿವಿಲ್ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಬಹುದು. ಇಲ್ಲಿ ಒಂದು ಸೂಕ್ಷ್ಮ ಇದೆ. ಆಸರೆ ತೆಗೆದರು ಎಂಬುದಕ್ಕೇ ಪರಿಹಾರದ ಹಣ ಸಿಗುವುದಿಲ್ಲ. ನಿಜವಾಗಿ ನಷ್ಟವಾಗಬೇಕು ಎಂದು ಈಸ್‌ಮೆಂಟ್ ಕಾಯ್ದೆಯ 34ನೇ ಕಲಮು ಹೇಳುತ್ತದೆ. ತಡೆಯಾಜ್ಞೆಗೆ ಹಾಗೆ ಕಾಯಬೇಕಾಗಿಲ್ಲ. ಮಣ್ಣು ಬಿದ್ದ ಮೇಲೆ ಹಣ ಕೇಳುವುದಕ್ಕಿಂತ, ಜೇಸಿಬಿ ಬಂದು ನಿಂತ ದಿನವೇ ಕೋರ್ಟಿಗೆ ಹೋಗುವುದು ಮೇಲು.

ಒಪ್ಪಂದವಾದರೆ ಬರೆದಿಡಬೇಕು. ನಾವು ಹಾಗೇ ಮಾಡಿದೆವು. ಗೋಡೆ ಯಾರದು, ಅದರ ರಿಪೇರಿ ಯಾರದು, ಪೈಪಿನ ನೀರು ಯಾವ ತೋಡಿಗೆ ಹೋಗಬೇಕು, ಶುಚಿ ಮಾಡಲು ಅಕ್ಕನ ಅಂಗಳಕ್ಕೆ ವರ್ಷಕ್ಕೆ ಎಷ್ಟು ಸಲ ಇಳಿಯಬಹುದು, ಎಲ್ಲ ಇದೆ. ಸ್ಥಿರಾಸ್ತಿಯಲ್ಲಿ ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಹಕ್ಕು ಹುಟ್ಟಿಸುವ ಪತ್ರ ನೋಂದಣಿಯಾಗಬೇಕು ಎಂಬುದು 1908ರ ಕಾನೂನು. ಹಾಗಾಗಿ ಸ್ಟಾಂಪ್ ಪೇಪರಿಗೆ ಸಹಿ ಹಾಕಿ ಕಪಾಟಿನಲ್ಲಿಡದೆ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಬಂದೆವು. ನಾಳೆ ನಾವು ಮಾರಿದರೂ ಅವರು ಮಾರಿದರೂ ಕೊಳ್ಳುವವರಿಗೆ ಅದು ಕಾಣಬೇಕು.

ಈ ವರ್ಷ ಮಳೆ ಬೇಗ ಹಿಡಿಯಿತು. ಮೊನ್ನೆ ಬೆಳಗ್ಗೆ ಅಕ್ಕನ ಫೋನು. "ಮಾಷ್ಟ್ರಿಗೆ ಹೇಳಿ, ಏಳನೆಯ ಪೈಪಿನಲ್ಲಿ ನೀರು ಕಮ್ಮಿ ಉಂಟು. ಬೇರೆಲ್ಲದರಲ್ಲೂ ಬರ್ತದೆ." ಅಪ್ಪನಿಗೆ ಈಗ ಮೆಟ್ಟಿಲು ಇಳಿಯಲು ಮೊಣಕಾಲು ಬಿಡುವುದಿಲ್ಲ. ಜಗಲಿಯಲ್ಲಿ ಕುಳಿತೇ ಕೊಟ್ಟಿಗೆಯ ಮೂಲೆ ತೋರಿಸಿದರು. ನಾನು ಅಲ್ಲಿದ್ದ ಕಬ್ಬಿಣದ ಸರಳು ತೆಗೆದುಕೊಂಡು ಇಳಿದೆ. ಅಕ್ಕ ಕೊಡೆ ಹಿಡಿದು ಗೋಡೆಯ ಬುಡದಲ್ಲಿ ನಿಂತಿದ್ದರು. ಸರಳನ್ನು ಒಳಗೆ ತೂರಿಸಿ ಎರಡು ಸಲ ತಿರುಗಿಸಿದೆ. ಒಂದು ಹಿಡಿ ಎಲೆ, ಬೇರು, ಆಮೇಲೆ ಕೆಸರು, ಆಮೇಲೆ ತೆಳ್ಳಗೆ ನೀರು ಬಂತು. ಅದು ತಿಳಿಯಾಗುವವರೆಗೆ ಇಬ್ಬರೂ ಅಲ್ಲೇ ನಿಂತಿದ್ದೆವು.